ಜಹೀರಾಬಾದ್ ಸೀಮೆಯ ಬೀಜದ ಗಾಡಿಗಳು

1956ರ ನವೆಂಬರ್ ಒಂದನೆಯ ತಾರೀಕು ಎಂದರೆ ಏನೆಂಬುದನ್ನು ಕಾಸರಗೋಡಿನ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆದರೆ ಅದೇ ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಇನ್ನೊಂದು ಕಲಮಿನ ಮೂಲಕ, ಅದೇ ದಿನ, ಕನ್ನಡ ಮಾತನಾಡುವ ಮತ್ತೊಂದು ಸೀಮೆಯೂ ತನ್ನ ಹಳೆಯ ಜಿಲ್ಲೆಗಳಿಂದ ಕಳಚಿಹೋಯಿತೆಂಬುದು ನಮ್ಮಲ್ಲಿ ಅನೇಕರಿಗೆ ನೆನಪಿರಲಾರದು. ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯಿಂದ ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನ ನ್ಯಾಲ್ಕಲ್ ವೃತ್ತ ಮತ್ತು ಇಡೀ ನಾರಾಯಣಖೇಡ ತಾಲೂಕು, ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದುವು. ಆ ಎರಡು ಜಿಲ್ಲೆಗಳ ಬಹುಭಾಗ ಮೈಸೂರು ರಾಜ್ಯಕ್ಕೆ ಬಂದರೆ ಈ ಅಂಚು ಮಾತ್ರ ಆಚೆ ಉಳಿಯಿತು. 2014ರಿಂದ ಅದು ತೆಲಂಗಾಣ. 2016ರ ಜಿಲ್ಲಾ ಪುನರ್ರಚನೆಯ ಮೇಲೆ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಯಲ್ಲೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲೂ ಇವೆ.

ಆದರೂ ನೆಲ ಒಂದೇ. ತಾಂಡೂರನ್ನು ದಾಟಿ ಬರುವ ಕಾಗಿಣಾ ಹೊಳೆ ಮಳಖೇಡದ ಬದಿಯಲ್ಲಿ ಹರಿದು ಭೀಮೆಗೆ ಸೇರುತ್ತದೆ. ಝರಾಸಂಗಂನ ಕೇತಕಿ ಸಂಗಮೇಶ್ವರನಿಗೆ ಬೀದರ್ ಕಡೆಯ ಭಕ್ತರು ಇಂದಿಗೂ ನಡೆದುಕೊಳ್ಳುತ್ತಾರೆ. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ರೂಢಿ ಗಡಿಯ ಎರಡೂ ಕಡೆ ಇದೆ. ಕನ್ನಡ, ತೆಲುಗು, ಉರ್ದು, ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಇಷ್ಟು ಮಾತುಗಳು ಒಂದೇ ಸಂತೆಯಲ್ಲಿ ಕೇಳಿಸುವ ಸೀಮೆ ಇದು. ಈ ಲೇಖನದಲ್ಲಿ ಹೇಳಹೊರಟಿರುವುದು ಅಲ್ಲಿನ ಭಾಷಾ ಪ್ರಶ್ನೆಯನ್ನಲ್ಲ. ತಲೆಮಾರುಗಳಿಂದ ಗಾಯಗೊಂಡ ಜನ ತಮ್ಮ ಹಾಡು, ಬಣ್ಣ, ವಾದ್ಯ, ಕಥೆಗಳನ್ನು ಹೇಗೆ ಮತ್ತೆ ತಮ್ಮ ಕೈಗೆ ತೆಗೆದುಕೊಂಡರು, ಅದರಿಂದ ಅವರಿಗೆ ಏನು ದೊರೆಯಿತು ಎಂಬುದನ್ನು.

ಮೊದಲು ಗಾಯದ ಮಾತು. ನಿಜಾಮನ ಕಾಲದ ತೆಲಂಗಾಣದಲ್ಲಿ ವೆಟ್ಟಿ ಎಂಬ ಬಿಟ್ಟಿಚಾಕರಿ ಊರಿನ ಕಟ್ಟಳೆಯೇ ಆಗಿತ್ತು. ಕರೆದಾಗ ಹೋಗಬೇಕು, ಕೊಟ್ಟಷ್ಟು ಪಡೆಯಬೇಕು. 1948ರಲ್ಲಿ ಮೊದಲು ರಜಾಕಾರರ ದಾಳಿ, ಸೆಪ್ಟೆಂಬರಿನಲ್ಲಿ ಸೋಲಾಪುರದಿಂದ ಹೊರಟ ಭಾರತೀಯ ಸೇನೆ ಜಹೀರಾಬಾದಿನ ಮೇಲೆ ಹೈದರಾಬಾದಿಗೆ ಸಾಗಿದ ನಂತರ ಮುಸಲ್ಮಾನರ ಮೇಲೆ ನಡೆದ ಹಿಂಸೆ. ಈ ಎರಡನ್ನೂ ಇಲ್ಲಿನ ಹಳ್ಳಿಗಳು ಒಂದೇ ವರ್ಷದಲ್ಲಿ ಕಂಡುವು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ತಂಡ ಅತ್ಯಂತ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಗುಲ್ಬರ್ಗಾವನ್ನೂ ಹೆಸರಿಸಿತು. ಆ ವರದಿ ಬಹುಕಾಲ ಬೆಳಕಿಗೆ ಬರಲಿಲ್ಲ. ಹೇಳಿಕೊಳ್ಳದ ದುಃಖ ಮನೆಯೊಳಗೇ ಉಳಿಯುತ್ತದೆ ಎಂಬುದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿ.

ನಾರಾಯಣಖೇಡ, ತಾಂಡೂರುಗಳ ತಾಂಡಾಗಳಲ್ಲಿ ನೆಲೆಸಿರುವ ಲಂಬಾಣಿಗಳದು ಇನ್ನೊಂದು ಬಗೆಯ ಗಾಯ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನ್ನಿನ ಉದ್ದಗಲಕ್ಕೂ ಸಂಚರಿಸುತ್ತಿದ್ದ, ಸೈನ್ಯಗಳಿಗೆ ಆಹಾರ ಒದಗಿಸುತ್ತಿದ್ದ ಜನ ಇವರು. ರೈಲು ಮತ್ತು ಹೊಸ ರಸ್ತೆಗಳು ಬಂದ ಮೇಲೆ ಆ ವ್ಯಾಪಾರ ಮುರಿದುಬಿತ್ತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಕಾಲದಲ್ಲಿ ಅಲೆದಾಡುವ ಜನರನ್ನೆಲ್ಲ ಕಳ್ಳರೆಂದು ಶಂಕಿಸುವ ಕಣ್ಣು ಬೆಳೆಯಿತು. ಇಂದಿಗೂ ಈ ಒಂದೇ ಜನ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಪರಿಶಿಷ್ಟ ಜಾತಿ, ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ. ಅಕ್ಕ ತಂಗಿಯರು ಎರಡು ರಾಜ್ಯಗಳಿಗೆ ಮದುವೆಯಾಗಿ ಹೋದರೆ ಅವರ ಮಕ್ಕಳು ಎರಡು ಪಟ್ಟಿಗಳಲ್ಲಿ ಬೆಳೆಯುತ್ತಾರೆ.

ಲಂಬಾಣಿ ಹೆಂಗಸರು ತಮ್ಮ ಕಾಂಚಳಿಯ ಮೇಲೂ ಫೇಟಿಯಾದ ಮೇಲೂ ಕನ್ನಡಿ, ಕವಡೆ, ನಾಣ್ಯಗಳನ್ನು ಕೂಡಿಸಿ ಹಾಕುವ ಕಸೂತಿಯನ್ನು ನಾವೆಲ್ಲ ಸಂತೆಗಳಲ್ಲಿ ಕಂಡಿದ್ದೇವೆ. ಅವರ ಧಾವಲೋ ಹಾಡನ್ನು ಕೇಳಿದವರು ಕಡಿಮೆ. ತವರು ಬಿಡುವ ಹುಡುಗಿ ಒಬ್ಬೊಬ್ಬ ನಂಟರನ್ನೂ ತಬ್ಬಿಕೊಂಡು ಅಳುತ್ತ ಹಾಡುವ ಹಾಡು ಅದು. ಹಿರಿಯ ಹೆಂಗಸರು ಅದನ್ನು ಕಿರಿಯರಿಗೆ ಕಲಿಸುತ್ತಾರೆ. ಅಳುವುದನ್ನೂ ಕಲಿಸಬೇಕೇ ಎಂದು ಹೊರಗಿನವರಿಗೆ ಅನಿಸಬಹುದು. ಆದರೆ ಒಬ್ಬಳ ಸಂಕಟವನ್ನು ಹತ್ತು ಜನ ಸೇರಿ ಹೊರುವ ಉಪಾಯವೇ ಅದು. ನೋವನ್ನು ಕಲೆಯಿಂದ ತಣಿಸುವ ಮಾತು ಈ ಸೀಮೆಗೆ ಹೊರಗಿನಿಂದ ಬಂದುದಲ್ಲ ಎಂಬುದನ್ನು ಹೇಳಲೆಂದೇ ಇದನ್ನಿಲ್ಲಿ ನೆನೆದೆ.

ಆದರೆ ಎಲ್ಲ ಕಲೆಯೂ ಗಾಯವನ್ನು ಮಾಯಿಸುವುದಿಲ್ಲ. ಕೆಲವು ಕಲೆಗಳೇ ಗಾಯಗಳಾಗಿದ್ದುವು. ಕನ್ನಡದಲ್ಲಿ ಹಲಗೆ, ತಮಟೆ ಎನ್ನುವ ವಾದ್ಯಕ್ಕೆ ಅಲ್ಲಿ ಡಪ್ಪು ಎಂದು ಹೆಸರು. ದುಂಡನೆಯ ಮರದ ಬಳೆಗೆ ಚರ್ಮ ಬಿಗಿದು, ಬೆಂಕಿಗೆ ಕಾಯಿಸಿ, ಎರಡು ಕೋಲುಗಳಿಂದ ಬಾರಿಸುವ ಈ ವಾದ್ಯ ಮಾದಿಗರ ಕೈಯಲ್ಲಿತ್ತು ನಿಜ. ಆದರೆ ಯಾವಾಗ ಬಾರಿಸಬೇಕೆಂಬುದು ಅವರ ಕೈಯಲ್ಲಿರಲಿಲ್ಲ. ಊರಿನ ಸಾವಿಗೆ, ಡಂಗುರಕ್ಕೆ, ದೇವರ ಹಬ್ಬಕ್ಕೆ ಕರೆ ಬಂದೊಡನೆ ಹೋಗಬೇಕು. ಮೆರವಣಿಗೆಯ ಮುಂದೆ ನಡೆಯಬೇಕು, ಊಟದ ವೇಳೆಗೆ ಹಿಂದೆ ನಿಲ್ಲಬೇಕು. ದಲಿತ ಹುಡುಗಿಯರನ್ನು ದೇವತೆಯ ಹೆಸರಿನಲ್ಲಿ ಜೋಗಿನಿಯರನ್ನಾಗಿ ಬಿಡುವ ಪದ್ಧತಿಯೂ ತೆಲಂಗಾಣದ ಹಲವು ಜಿಲ್ಲೆಗಳಲ್ಲಿತ್ತು. ಜಾತ್ರೆಯಲ್ಲಿ, ಶವಯಾತ್ರೆಯಲ್ಲಿ ಆಕೆ ಕುಣಿಯಬೇಕಿತ್ತು. ಆಂಧ್ರಪ್ರದೇಶ ಸರಕಾರ ಇದನ್ನು 1988ರ ಕಾಯಿದೆಯಿಂದ ನಿಷೇಧಿಸಿತು. ಹಾಡು, ಕುಣಿತ, ವಾದ್ಯ ಈ ಮೂರೂ ಅವರಿಗಿದ್ದುವು. ಆದರೂ ಅವು ಅವಮಾನದ ಗುರುತುಗಳಾಗಿದ್ದುದು ಏಕೆ? ಬೇಡವೆನ್ನುವ ಹಕ್ಕು ಅವರಿಗಿಲ್ಲದ್ದರಿಂದ. ಮುಂದೆ ಹೇಳಲಿರುವ ಸಂಗತಿಗಳನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು.

ಜಹೀರಾಬಾದಿಗೆ ತಾಗಿಕೊಂಡ ಪಸ್ತಾಪುರ ಎಂಬ ಹಳ್ಳಿಯಲ್ಲಿ ದಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಇದೆ. 1983ರಲ್ಲಿ ಅದನ್ನು ಕಟ್ಟಿದವರಲ್ಲಿ ಮುಖ್ಯರು ಪಿ. ವಿ. ಸತೀಶ್. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಈ ಕನ್ನಡಿಗರು ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದು, ಗ್ರಾಮೀಣ ಕಾರ್ಯಕ್ರಮಗಳನ್ನು ಮಾಡಿದವರು. ಮುಂದೆ ಸಂಸ್ಥೆಯ ಕೆಲಸ ಸುಮಾರು 75 ಹಳ್ಳಿಗಳಿಗೆ ಹರಡಿತು. ಊರೂರಿನಲ್ಲಿ ಹೆಂಗಸರ ಕೂಟಗಳು ಹುಟ್ಟಿದುವು. ಅವಕ್ಕೆ ಅಲ್ಲಿ 'ಸಂಘಂ' ಎಂದು ಹೆಸರು. ಸದಸ್ಯರು ಹೆಚ್ಚಿನವರು ದಲಿತರು, ಓದುಬರಹ ಕಲಿಯಲು ಅವಕಾಶವಿಲ್ಲದವರು, ಪರರ ಹೊಲದಲ್ಲಿ ಕೂಲಿ ಮಾಡಿದವರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆರಂಭದಲ್ಲಿ ಅಲ್ಲಿ ಕಲೆಯ ಮಾತೇ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವೇ ಎಂಬ ಗಾದೆಯನ್ನು ಈ ಹೆಂಗಸರು ತಿಳಿದಿದ್ದರು. ಭೂಸುಧಾರಣೆಯಲ್ಲಿ ದಲಿತರಿಗೆ ಸಿಕ್ಕ ನೆಲ ಬಹುಮಟ್ಟಿಗೆ ಕಲ್ಲು ತುಂಬಿದ ಕೆಂಪು ಜರಿ ಭೂಮಿ. ಅದು ಬೀಳುಬಿದ್ದಿತ್ತು. ಸರಕಾರ 1983ರಿಂದ ಕಿಲೋ ಎರಡು ರೂಪಾಯಿಗೆ ಅಕ್ಕಿ ಕೊಡತೊಡಗಿದ ಮೇಲೆ ಹಸಿವೇನೋ ತಗ್ಗಿತು. ಆದರೆ ಜೋಳ, ನವಣೆ, ಸಾಮೆ ಬೆಳೆಯುವ ನೆಲಕ್ಕೆ ಬೆಲೆಯಿಲ್ಲವಾಯಿತು. ಜೋಳದ ರೊಟ್ಟಿ ಬಡವರ ಊಟ, ಅನ್ನ ಮರ್ಯಾದೆಯ ಊಟ ಎಂಬ ಭಾವನೆ ಬೆಳೆಯಿತು. ಸಂಘದ ಹೆಂಗಸರು ಬೀಳುಭೂಮಿಯನ್ನು ಹಸನು ಮಾಡಿದರು, ಗೊಬ್ಬರ ಹೊತ್ತರು, ಒಂದೇ ಹೊಲದಲ್ಲಿ ಹತ್ತು ಹನ್ನೆರಡು ಬಗೆಯ ಬೆಳೆ ಹಾಕಿದರು. 1990ರ ದಶಕದ ನಡುವಿನಲ್ಲಿ ಜೋಳವನ್ನು ತಾವೇ ಬೆಳೆದು, ತಾವೇ ಕಣಜದಲ್ಲಿಟ್ಟು, ಊರಿನ ಬಡವರಿಗೆ ಕಡಿಮೆ ಬೆಲೆಗೆ ಹಂಚುವ ಧಾನ್ಯ ನಿಧಿಯನ್ನು ಕಟ್ಟಿದರು. ಯಾರು ಬಡವರೆಂಬುದನ್ನು ಊರವರೇ ಕೂತು ನಿರ್ಣಯಿಸಿದರು. ಬೇಡುತ್ತಿದ್ದ ಕೈ ಹಂಚುವ ಕೈಯಾಯಿತು.

ಈ ತಳಹದಿಯ ಮೇಲೆ ಜಾತ್ರೆ ಬಂದಿತು. ಕಳೆದ ಶತಮಾನ ಮುಗಿದು ಹೊಸದು ತೊಡಗುವ ಹೊತ್ತಿಗೆ ಆರಂಭವಾದ ಅದಕ್ಕೆ ತೆಲುಗಿನಲ್ಲಿ 'ಪಾತ ಪಂಟಲ ಜಾತರ' ಎಂದು ಹೆಸರು. ಎಂದರೆ ಹಳೆಯ ಬೆಳೆಗಳ ಜಾತ್ರೆ. ಸಂಕ್ರಾಂತಿಯಂದು ಎತ್ತಿನ ಗಾಡಿಗಳು ಹೊರಡುತ್ತವೆ. ಗಾಡಿಗಳಿಗೆ ಬಣ್ಣ ಬಳಿದು, ಜೋಳದ ತೆನೆ, ಮಾವಿನ ತಳಿರು ಕಟ್ಟಿ, ಮಣ್ಣಿನ ಗಡಿಗೆಗಳಲ್ಲೂ ಬಿದಿರ ಬುಟ್ಟಿಗಳಲ್ಲೂ 80ಕ್ಕೂ ಮಿಕ್ಕಿದ ಬಗೆಯ ಬೀಜಗಳನ್ನು ಇಡುತ್ತಾರೆ. ಮುಂದೆ ಡಪ್ಪು, ಕೋಲಾಟ, ಹಾಡು. ಸುಮಾರು ಒಂದು ತಿಂಗಳ ಕಾಲ ಹಳ್ಳಿಯಿಂದ ಹಳ್ಳಿಗೆ ಗಾಡಿಗಳು ನಡೆಯುತ್ತವೆ. ಆಯಾ ಊರಿನವರು ಎದುರ್ಗೊಂಡು ಬೀಜಗಳಿಗೆ ಆರತಿ ಮಾಡುತ್ತಾರೆ. ಆಮೇಲೆ ಮರದಡಿ ಕೂತು ಮಳೆ, ಬೆಳೆ, ಬೆಲೆಗಳ ಚರ್ಚೆ. ಮಳೆಯಿಲ್ಲದೆ ಬರಿಯ ಇಬ್ಬನಿಯ ತಂಪಿನಲ್ಲಿ ಬೆಳೆಯುವ ಹಿಂಗಾರಿನ ಬೆಳೆಗಳಿಗೆ ಈ ಹೆಂಗಸರು 'ಸತ್ಯಂ ಪಂಟಲು', ಸತ್ಯದ ಬೆಳೆಗಳು ಎನ್ನುತ್ತಾರೆ. ನಂಬಿದವರನ್ನು ಕೈಬಿಡದ ಬೆಳೆ ಎಂಬುದು ಅದರ ಭಾವ.

ಡಪ್ಪು ಅದೇ, ಬೀದಿ ಅದೇ, ಬಾರಿಸುವವರೂ ಆ ಕೇರಿಯವರೇ. ಬದಲಾದುದು ಕರೆ. ಈ ಮೆರವಣಿಗೆಗೆ ಗೌಡರು ಕರೆಕಳಿಸಿದುದಲ್ಲ, ಸಂಘದ ಹೆಂಗಸರು ಕರೆಕಳಿಸಿದ್ದು. ಹಿಂದೆ ಕೇರಿಯಲ್ಲೇ ನಿಲ್ಲಬೇಕಾಗಿದ್ದವರ ಗಾಡಿ ಊರಿನ ನಡುಬೀದಿಯಲ್ಲಿ ನಡೆಯಿತು. ಬಡತನದ ಗುರುತೆಂದು ನಾಚಿಕೊಂಡಿದ್ದ ಧಾನ್ಯಕ್ಕೆ ಆರತಿಯಾಯಿತು. ಮನಸ್ಸಿನ ಗಾಯಕ್ಕೆ ಇದು ಮದ್ದೇ ಎಂದು ಕೇಳಿದರೆ, ಅವಮಾನದಿಂದ ಆದ ಗಾಯಕ್ಕೆ ಎಲ್ಲರೆದುರಿನ ಗೌರವವಲ್ಲದೆ ಬೇರೆ ಮದ್ದಿಲ್ಲವೆಂದೇ ಹೇಳಬೇಕಾಗುತ್ತದೆ.

ಎರಡನೆಯದು ಕ್ಯಾಮೆರಾ. 1990ರ ದಶಕದ ಕೊನೆಯ ವರ್ಷಗಳಲ್ಲಿ ಈ ಸಂಘಗಳ ಕೆಲವು ಹೆಂಗಸರು ವಿಡಿಯೋ ಕೆಲಸ ಕಲಿತರು. ಅಕ್ಷರ ಬಾರದವರಿಗೆ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಹೇಗೆ ಕಲಿಸುವುದು? ಅವರೇ ಹೆಸರು ಕಂಡುಕೊಂಡರು. ಮೇಲಿನಿಂದ ಕೆಳಕ್ಕೆ ನೋಡುವ ಚಿತ್ರಿಕೆ 'ಪಟೇಲ್ ಶಾಟ್'. ಊರ ಧಣಿ ಆಳನ್ನು ನೋಡುವುದು ಹಾಗೆ. ಕೆಳಗಿನಿಂದ ಮೇಲಕ್ಕೆ ನೋಡುವುದು ಜೀತದಾಳಿನ ಶಾಟ್. ಆಳು ಧಣಿಯನ್ನು ನೋಡುವುದು ಹಾಗೆ. ಎದುರಿಗಿರುವವರ ಕಣ್ಣಿನ ಎತ್ತರಕ್ಕೆ ಸರಿಯಾಗಿ ಕ್ಯಾಮೆರಾ ಹಿಡಿದರೆ ಅದು 'ಸಂಘಂ ಶಾಟ್'. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸಮನಾಗಿ ಕೂರುತ್ತಾರಲ್ಲ! ತಲೆಮಾರುಗಳ ಅನುಭವವನ್ನು ಮೂರು ಹೆಸರುಗಳಲ್ಲಿ ಹಿಡಿದಿಟ್ಟ ಈ ಹೆಂಗಸರ ಬುದ್ಧಿಗೆ ಯಾವ ಚಿತ್ರಶಾಲೆಯ ಪಾಠ ಸಾಟಿಯಾದೀತು? ಮುಂದೆ ಅವರು ವರಂಗಲ್ಲಿನ ಹತ್ತಿ ಹೊಲಗಳಿಗೆ ತಿಂಗಳು ತಿಂಗಳೂ ಹೋಗಿ, ಬಿ.ಟಿ. ಹತ್ತಿ ಬಿತ್ತಿದ ರೈತರ ಪಾಡನ್ನು ಚಿತ್ರಿಸಿದರು. 2003ರಲ್ಲಿ ಹೊರಬಂದ ಆ ಚಿತ್ರವನ್ನು ದೇಶವಿದೇಶಗಳಲ್ಲಿ ನೋಡಿದರು.

ಮೂರನೆಯದು ರೇಡಿಯೋ. ಝರಾಸಂಗಂ ಮಂಡಲದ ಮಾಚನೂರಿನಲ್ಲಿ ಯುನೆಸ್ಕೊ ನೆರವಿನಿಂದ ಪುಟ್ಟ ಕೇಂದ್ರವೊಂದು ಆ ದಶಕದ ಕೊನೆಗೇ ಸಿದ್ಧವಾಗಿತ್ತು. ಆದರೆ ಪರವಾನಗಿ ಇಲ್ಲ. ಪ್ರಸಾರದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರವರಿಯಲ್ಲೇ ಹೇಳಿದ್ದರೂ ಹಳ್ಳಿಯ ಸಂಘಗಳಿಗೆ ಬಾಗಿಲು ತೆರೆದುದು 2006ರ ನೀತಿಯಿಂದ. ಅಷ್ಟು ವರ್ಷ ಈ ಹೆಂಗಸರು ಹಾಡು, ಕಥೆ, ಮಾತುಕತೆಗಳನ್ನು ಮುದ್ರಿಸಿ, ಕ್ಯಾಸೆಟ್ಟುಗಳನ್ನು ಸಂಘಗಳ ಸಭೆಗೆ ಒಯ್ದು ಕೇಳಿಸಿದರು. ಕೊನೆಗೆ 2008ರ ಅಕ್ಟೋಬರ್ 15ರಂದು 'ಸಂಘಂ ರೇಡಿಯೋ' ಗಾಳಿಗೇರಿತು. ಉದ್ಘಾಟಿಸಿದವರು ಆ ತೀರ್ಪು ಬರೆದ ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಪಿ. ಬಿ. ಸಾವಂತರೇ. ಕೇಂದ್ರವನ್ನು ನಡೆಸಿದವರು ಅದೇ ಸೀಮೆಯ ದಲಿತ ಹೆಣ್ಣುಮಕ್ಕಳಾದ ಜನರಲ್ ನರಸಮ್ಮ ಮತ್ತು ಆಲ್ಗೋಲ್ ನರಸಮ್ಮ. ಸುತ್ತಣ ಸುಮಾರು 25 ಕಿಲೋಮೀಟರಿನ ಹಳ್ಳಿಗಳಿಗೆ ಸಂಜೆಯ ಹೊತ್ತು ಬೀಸುವ ಹಾಡು, ನಾಟಿಯ ಹಾಡು, ಹಬ್ಬದ ಹಾಡು, ಮನೆಮದ್ದು, ಹೊಲದ ಸುದ್ದಿ ತಮ್ಮದೇ ಆಡುಮಾತಿನಲ್ಲಿ ಕೇಳಿಸತೊಡಗಿತು. ಪೇಟೆಯ ಶಿಷ್ಟ ತೆಲುಗಿನ ಮುಂದೆ ತಮ್ಮ ಮಾತು ಕೀಳೆಂದು ಬಾಯಿ ಮುಚ್ಚಿಕೊಂಡವರಿಗೆ ಅದೇ ಮಾತು ರೇಡಿಯೋದಲ್ಲಿ ಕೇಳಿಸುವುದೆಂದರೆ ಏನೆಂಬುದು, ಮನೆಯ ಕನ್ನಡಕ್ಕೂ ಶಾಲೆಯ ಭಾಷೆಗೂ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಬೇಗ ಅರ್ಥವಾದೀತು.

ಇಂಥದು ಬೇರೆ ದೇಶಗಳಲ್ಲೂ ನಡೆದಿದೆ. ಆಸ್ಟ್ರೇಲಿಯದ ನಡುನಾಡಿನ ಪಪುನ್ಯ ಎಂಬಲ್ಲಿ ಸರಕಾರ ಬೇರೆ ಬೇರೆ ಬುಡಕಟ್ಟುಗಳ ಮೂಲನಿವಾಸಿಗಳನ್ನು ತಂದು ಒಂದೆಡೆ ಕೂಡಿಹಾಕಿತ್ತು. 1971ರಲ್ಲಿ ಅಲ್ಲಿನ ಹಿರಿಯರು ಶಾಲೆಯ ಗೋಡೆಯ ಮೇಲೆ ತಮ್ಮ ಪುರಾಣದ ಜೇನಿರುವೆಯ ಚಿತ್ರವನ್ನು ಬರೆದರು. ಅವರ ಚಿತ್ರಕಲೆ ಮುಂದೆ ಜಗತ್ಪ್ರಸಿದ್ಧವಾಯಿತು. ಆದರೆ ಗೋಡೆ ಅವರದಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಚಿತ್ರದ ಮೇಲೆ ಬೇರೆ ಬಣ್ಣ ಬಳಿಯಲಾಯಿತು. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ತಾಯ್ತಂದೆಯರಿಂದ ಕಿತ್ತು ವಸತಿಶಾಲೆಗಳಿಗೆ ಸೇರಿಸಿದ ಅನ್ಯಾಯವನ್ನು ವಿಚಾರಿಸಲು 2008ರಲ್ಲಿ ನೇಮಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗವು, ಕೋಸ್ಟ್ ಸಾಲಿಶ್ ಶಿಲ್ಪಿ ಲ್ಯೂಕ್ ಮಾರ್ಸ್ಟನ್ ಕೆತ್ತಿದ ಮರದ ಪೆಟ್ಟಿಗೆಯೊಂದನ್ನು ಸಭೆಯಿಂದ ಸಭೆಗೆ ಒಯ್ದಿತು. ನೊಂದವರು ತಮ್ಮ ನೆನಪಿನ ವಸ್ತುಗಳನ್ನು ಅದರಲ್ಲಿ ಇಟ್ಟರು. ಜಹೀರಾಬಾದಿನ ಗಾಡಿಯಂತೆ ಅದೂ ಊರೂರು ಸುತ್ತಿತು. ವ್ಯತ್ಯಾಸವೆಂದರೆ ಪೆಟ್ಟಿಗೆ ಕಳೆದುಹೋದುದನ್ನು ಹೊತ್ತಿತ್ತು, ಗಾಡಿ ಮತ್ತೆ ಬಿತ್ತಬಹುದಾದುದನ್ನು ಹೊರುತ್ತದೆ.

ಹಾಗೆಂದು ಎಲ್ಲ ಗಾಯವೂ ಮಾಯಿತೆಂದು ಬರೆದರೆ ಅದು ಚರಿತ್ರೆಯಾಗಲಾರದು. ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕಾಗಿ ನ್ಯಾಲ್ಕಲ್, ಝರಾಸಂಗಂ ಮಂಡಲಗಳ 17 ಹಳ್ಳಿಗಳಲ್ಲಿ ಹನ್ನೆರಡು ಸಾವಿರ ಎಕರೆಗೂ ಮಿಕ್ಕಿದ ಭೂಮಿಯನ್ನು ಗುರುತಿಸಲಾಯಿತು. ಹೊಲ ಹೋದ ಮೇಲೆ ಬೀಜದ ಗಡಿಗೆ ಬರಿಯ ಪ್ರದರ್ಶನದ ವಸ್ತುವಾಗುತ್ತದೆ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂಸ್ಥೆಗೆ ಬಂದಿತು. 2023ರ ಮಾರ್ಚ್ 19ರಂದು ಸತೀಶರು ತೀರಿಕೊಂಡರು. ಪ್ರಶಸ್ತಿ ಬಂದರೂ ಹಿರಿಯರು ಹೋದರೂ ಹೆಂಗಸರ ಮುಂದಿರುವ ಪ್ರಶ್ನೆ ಹಳೆಯದೇ: ನೆಲ ಯಾರ ಕೈಯಲ್ಲಿ ಉಳಿಯುತ್ತದೆ?

ಇನ್ನು ನಮ್ಮ ಮನೆಯ ಮಾತು. ಡಪ್ಪಿನ ಕಥೆಯನ್ನು ಓದುವಾಗ ನಮಗೆ ಕೊರಗರ ಡೋಲು ನೆನಪಾಗದೆ ಇರಲಾರದು. ಮಂಜೇಶ್ವರ, ಕಾಸರಗೋಡುಗಳ ಕೊಪ್ಪಗಳಲ್ಲಿ ಬುಟ್ಟಿ ಹೆಣೆದು ಬದುಕಿದ ಈ ಮೂಲನಿವಾಸಿಗಳು ತುಳುನಾಡಿನ ಹಬ್ಬಗಳಿಗೆ ಡೋಲು ಬಾರಿಸಿದರು, ಕೊಳಲೂದಿದರು. ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂತು ಬೆಳಗಿನ ತನಕ ಡೋಲು ಬಾರಿಸುವ 'ಪನಿ ಕುಲ್ಲುನು' ಅವರ ಪಾಲಿನ ಕಟ್ಟಳೆಯಾಗಿತ್ತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸುವ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ ನಿಷೇಧಿಸಿ ಕಾಯಿದೆ ತಂದುದು 2000ದಲ್ಲಿ. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಕೊರಗ ಸಂಘಟನೆಗಳು ತಾವೇ ಭೂಮಿ ಹಬ್ಬ ಆಚರಿಸುತ್ತ ಬಂದಿವೆ. ಅಲ್ಲಿ ಡೋಲು ಬಾರಿಸುವುದು ಯಾರ ಅಪ್ಪಣೆಯಿಂದಲೂ ಅಲ್ಲ. ಜಹೀರಾಬಾದಿನಂತೆ ಅಲ್ಲಿಯೂ ಭೂಮಿಯ ಕೂಗು ಮತ್ತು ವಾದ್ಯದ ಸದ್ದು ಒಟ್ಟಿಗೆ ಬಂದಿರುವುದು ಆಕಸ್ಮಿಕವಲ್ಲ.

ಎಂಡೋಸಲ್ಫಾನಿನ ನಂಜಿನಿಂದ ನೊಂದ ಎಣ್ಮಕಜೆ, ಪಡ್ರೆಯ ಮಕ್ಕಳ ಚಿತ್ರಗಳು ದೇಶವೆಲ್ಲ ಸಂಚರಿಸಿದುವು. ಲೋಕದ ಕಣ್ಣು ತೆರೆಸಲು ಅವು ಬೇಕಾಗಿದ್ದುವು. ಆದರೂ ಜಹೀರಾಬಾದಿನ ಹೆಂಗಸರ ಪಾಠ ಕಲಿತ ಮೇಲೆ ಒಂದು ಪ್ರಶ್ನೆ ಕೇಳದಿರಲಾಗದು. ಆ ಚಿತ್ರಗಳಲ್ಲಿ ಕ್ಯಾಮೆರಾ ಯಾವ ಎತ್ತರದಲ್ಲಿತ್ತು? ಆ ತಾಯಂದಿರ ಕೈಗೆ ಅದನ್ನು ಕೊಟ್ಟಿದ್ದರೆ ಅವರು ಏನನ್ನು ತೋರಿಸುತ್ತಿದ್ದರು?

ಗಡಿನಾಡ ಕನ್ನಡಿಗರಾದ ನಾವು 1956ರ ನೋವನ್ನು ಕವಿತೆ, ಲೇಖನ, ಯಕ್ಷಗಾನ, ಭಾಷಣಗಳಲ್ಲಿ ಹೇಳಿಕೊಂಡು ಹಗುರಾದವರು. ಹೇಳಿಕೊಳ್ಳಲು ನಮಗೆ ಲಿಪಿಯಿತ್ತು, ಪತ್ರಿಕೆಯಿತ್ತು, ವೇದಿಕೆಯಿತ್ತು. ನಮ್ಮ ಅಂಗಳದ ಆಚೆ ನಿಂತು ಡೋಲು ಬಾರಿಸಿದವರಿಗೆ ಅವು ಯಾವುವೂ ಇರಲಿಲ್ಲ. ಈ ವಾರ್ಷಿಕ ಸಂಚಿಕೆ ಎರಡು ಭಾಷೆಗಳಲ್ಲಿ ಬರುತ್ತದೆ. ಕೊರಗರಿಗೆ ತಮ್ಮದೇ ಒಂದು ಭಾಷೆ ಇದೆ. ಮುಂದಿನ ವರ್ಷ ಕನ್ನಡ, ಮಲಯಾಳ ಪುಟಗಳ ನಡುವೆ ಆ ಭಾಷೆಗೂ ಕೆಲವು ಪುಟಗಳನ್ನು ಬಿಟ್ಟು, ಅಲ್ಲಿ ಏನು ಅಚ್ಚಾಗಬೇಕೆಂಬುದನ್ನು ಅವರಿಗೇ ಬಿಡಬಹುದು.